ಹಗುರ ಲ್ಯಾಪ್‌ಟಾಪು: ಬೆಸುಗೆ ಎಲ್ಲಿದೆ, ಹಿಂಜು ಹೇಗಿದೆ ಕೇಳಿ

ಪ್ರಶ್ನೆ: ದಿನಾ ಬಸ್ಸಿನಲ್ಲಿ ಮಾನಸಗಂಗೋತ್ರಿಗೆ ಓಡಾಡುತ್ತೇನೆ. ಈಗಿರುವ 15.6 ಇಂಚಿನ ಲ್ಯಾಪ್‌ಟಾಪು ಚಾರ್ಜರ್ ಸೇರಿ ಮೂರು ಕೆ.ಜಿ. ಹತ್ತಿರ ಇದೆ; ಹೆಗಲು ನೋಯುತ್ತದೆ. ಪ್ರಬಂಧ ಟೈಪ್ ಮಾಡುವುದು, ಪಿಡಿಎಫ್ ಓದುವುದು, ಆನ್‌ಲೈನ್ ತರಗತಿ, ಇಷ್ಟೇ ಕೆಲಸ. ಹಗುರವಾಗಿರಬೇಕು, ಆರು ವರ್ಷವಾದರೂ ಬಾಳಬೇಕು. ಏನು ನೋಡಿ ಕೊಳ್ಳಲಿ?
– ಸಂಶೋಧನಾ ವಿದ್ಯಾರ್ಥಿನಿ, ಶ್ರೀರಂಗಪಟ್ಟಣ

ಉತ್ತರ: ತೂಕದ ಮಾತು ಬೇಗ ಮುಗಿಯುತ್ತದೆ. 14 ಇಂಚಿನದು, 1.3ರಿಂದ 1.4 ಕೆ.ಜಿ. ಇದ್ದರೆ ಸಾಕು. ಒಂದು ಕೆ.ಜಿ.ಗಿಂತ ಕಡಿಮೆಯವೂ ಇವೆ, ಆದರೆ ಕೊನೆಯ ಮುನ್ನೂರು ಗ್ರಾಂ ಇಳಿಸಲು ತೆರಬೇಕಾದ ಬೆಲೆ ದೊಡ್ಡದು. ಆ ಹಣಕ್ಕೆ ಬೇರೆ ಕೆಲಸವಿದೆ. ಕಂಪನಿ ಹೇಳುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ ಎನ್ನುವುದು ನೆನಪಿರಲಿ. ಟೈಪ್-ಸಿ ಕಿಂಡಿಯಿಂದಲೇ ಚಾರ್ಜ್ ಆಗುವ ಮಾಡೆಲ್ ಆರಿಸಿದರೆ 65 ವ್ಯಾಟಿನ ಪುಟ್ಟ ಚಾರ್ಜರ್ ಒಂದೇ ಫೋನಿಗೂ ಲ್ಯಾಪ್‌ಟಾಪಿಗೂ ಆಗುತ್ತದೆ. 'ಟೈಪ್-ಸಿ ಇದೆ' ಎಂದು ಅಂಗಡಿಯವರು ಹೇಳಿದರೆ ಸಾಲದು, ಕೆಲವದರಲ್ಲಿ ಅದು ಡೇಟಾಗೆ ಮಾತ್ರ. 'ಪವರ್ ಡೆಲಿವರಿ' ಇದೆಯೇ ಎಂದು ಕೇಳಿ.

ಆರು ವರ್ಷದ ಬಾಳಿಕೆಯ ಲೆಕ್ಕ ಬೇರೆ. ಆಮೇಲೆ ಬದಲಿಸಲು ಬಾರದ ಭಾಗಕ್ಕೆ ಈಗಲೇ ಹಣ ಹಾಕಿ, ಬದಲಿಸಬಹುದಾದ್ದರಲ್ಲಿ ಉಳಿಸಿ. ತೆಳ್ಳಗಿನ ಲ್ಯಾಪ್‌ಟಾಪುಗಳಲ್ಲಿ ರ‍್ಯಾಮ್ (ಕೆಲಸ ನಡೆಯುವಾಗ ಬೇಕಾದ್ದನ್ನು ಇಟ್ಟುಕೊಳ್ಳುವ ತಾತ್ಕಾಲಿಕ ನೆನಪು) ಅನ್ನು ಹೆಚ್ಚಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ವಿವರಪಟ್ಟಿಯಲ್ಲಿ 'ಎಲ್‌ಪಿಡಿಡಿಆರ್' ಎಂದಿದ್ದರೆ ಅದು ಬೆಸುಗೆಯದೇ ಎಂದುಕೊಳ್ಳಿ. ಬರೀ 'ಡಿಡಿಆರ್' ಎಂದಿದ್ದರೆ ಸ್ಲಾಟ್ ಇರಬಹುದು, ಕೇಳಿ ಖಚಿತ ಮಾಡಿಕೊಳ್ಳಿ. ಬೆಸುಗೆಯದಾದರೆ 16 ಜಿಬಿಗಿಂತ ಕಡಿಮೆ ಬೇಡ. 8 ಜಿಬಿಯಲ್ಲಿ ಮೂರು ನಾಲ್ಕು ಜಿಬಿ ವಿಂಡೋಸಿಗೇ ಹೋಗುತ್ತದೆ. ಉಳಿದದ್ದರಲ್ಲಿ ಬ್ರೌಸರಿನ ಹತ್ತಿಪ್ಪತ್ತು ಟ್ಯಾಬು, ವಿಡಿಯೊ ತರಗತಿ, ವರ್ಡ್ ಒಟ್ಟಿಗೆ ನಡೆಯಬೇಕು. ಜಾಗ ಸಾಲದಾದಾಗ ಯಂತ್ರ ಫೈಲುಗಳನ್ನು ಇಡುವ ಎಸ್‌ಎಸ್‌ಡಿಯನ್ನೇ ರ‍್ಯಾಮಿನಂತೆ ಬಳಸಲು ಹೋಗಿ ತಡವರಿಸುತ್ತದೆ. ಎಸ್‌ಎಸ್‌ಡಿ ಮಾತ್ರ ಸಾಮಾನ್ಯವಾಗಿ ಎಂ.2 ಸ್ಲಾಟಿನಲ್ಲಿ ಒಂದು ಸ್ಕ್ರೂ ಹಿಡಿದು ಕೂತಿರುತ್ತದೆ. ಈಗ 512 ಜಿಬಿ ಸಾಕು, ಮುಂದೆ ದೊಡ್ಡದು ಹಾಕಿಸಬಹುದು.

ಪ್ರೊಸೆಸರಿನಲ್ಲಿ ಹೆಸರಿನ ಕೊನೆಗೆ 'ಯು' ಇರುವುದು ನಿಮ್ಮ ಕೆಲಸಕ್ಕೆ ಧಾರಾಳ. 'ಎಚ್' ಇರುವುದನ್ನು ತೆಳ್ಳಗಿನ ಬಾಡಿಯಲ್ಲಿ ತುರುಕಿದರೆ ಬಿಸಿ, ಫ್ಯಾನಿನ ಸದ್ದು, ಬೇಗ ಇಳಿಯುವ ಬ್ಯಾಟರಿ. ಎಎಂಡಿ ಕಂಪನಿಯ ರೈಜನ್ 7000 ಸರಣಿಯಲ್ಲಿ ಮೂರನೆಯ ಅಂಕಿ ನೋಡಿ: 7520ಯು ಎಂಬಲ್ಲಿನ '2' ಅಂದರೆ 2019ರ ಝೆನ್ 2 ವಿನ್ಯಾಸ, 7530ಯು ಎಂದರೆ ಝೆನ್ 3. ಹತ್ತೇ ಸಂಖ್ಯೆಯ ಅಂತರ, ಒಳಗೆ ಒಂದು ತಲೆಮಾರಿನ ವ್ಯತ್ಯಾಸ.

ಇನ್ನು ಹಿಂಜು, ಅಂದರೆ ಮುಚ್ಚಳವನ್ನು ಕೆಳಗಿನ ಭಾಗಕ್ಕೆ ಜೋಡಿಸುವ ಕೀಲು. ಒಳಗಿನದೆಲ್ಲ ಸರಿಯಿದ್ದೂ ಮೂಲೆ ಸೇರುವ ಲ್ಯಾಪ್‌ಟಾಪುಗಳಿಗೆ ಮುಖ್ಯ ಕಾರಣಗಳಲ್ಲಿ ಇದೂ ಒಂದು, ಕೊಳ್ಳುವಾಗ ಯಾರೂ ನೋಡುವುದಿಲ್ಲ. ಉಕ್ಕಿನ ಹಿಂಜನ್ನು ಮೂರು ನಾಲ್ಕು ಸಣ್ಣ ಸ್ಕ್ರೂಗಳು ಹಿಡಿದಿರುತ್ತವೆ. ಆ ಸ್ಕ್ರೂಗಳು ಕೂರುವುದು ಪ್ಲಾಸ್ಟಿಕ್ ಕಂಬಗಳೊಳಗೆ ಹುದುಗಿಸಿದ ಪುಟ್ಟ ಹಿತ್ತಾಳೆ ನಟ್ಟುಗಳಲ್ಲಿ. ವರ್ಷಗಳು ಕಳೆದಂತೆ ಹಿಂಜಿನ ಗ್ರೀಸ್ ಒಣಗಿ ಬಿಗಿಯಾಗುತ್ತದೆ. ಆಗ ಪ್ರತಿ ಸಲ ಮುಚ್ಚಳ ಎತ್ತಿದಾಗಲೂ ಆ ನಟ್ಟನ್ನು ಪ್ಲಾಸ್ಟಿಕ್ಕಿನಿಂದ ಕಿತ್ತಂತೆ. ಒಂದು ದಿನ 'ಟಕ್' ಎನ್ನುತ್ತದೆ, ಮೂಲೆ ಬಾಯಿ ಬಿಡುತ್ತದೆ, ಹಾಗೇ ಬಳಸಿದರೆ ಸ್ಕ್ರೀನಿನ ಕೇಬಲ್ಲೂ ತುಂಡಾಗುತ್ತದೆ. ಅಂಗಡಿಯಲ್ಲಿ ಮುಚ್ಚಳದ ಒಂದು ಮೂಲೆ ಮಾತ್ರ ಹಿಡಿದು ಮೆಲ್ಲಗೆ ತೆರೆದು ನೋಡಿ. ಪರದೆ ರೊಟ್ಟಿಯಂತೆ ತಿರುಚಿಕೊಂಡರೆ ಆ ಮಾಡೆಲ್ ಬಿಡಿ. ಮನೆಯಲ್ಲಿ ಬಳಸುವಾಗ ಮಾತ್ರ ಯಾವಾಗಲೂ ನಡುವೆ ಹಿಡಿದು ತೆರೆಯಿರಿ.

ಕನ್ನಡದಲ್ಲಿ ಬರೆಯುವವರು ನೀವಾದ್ದರಿಂದ ಪರದೆ ಮುಖ್ಯ. 1366×768 ಪರದೆಯಲ್ಲಿ ಸಣ್ಣಕ್ಷರದ ಒತ್ತುಗಳು ಕಲಸಿಹೋಗುತ್ತವೆ. ವರ್ಡ್ ತೆರೆದು 11 ಪಾಯಿಂಟಿನಲ್ಲಿ 'ರಾಷ್ಟ್ರ', 'ಸ್ತ್ರೀ', 'ಲಕ್ಷ್ಮಿ' ಎಂದು ಟೈಪ್ ಮಾಡಿ, ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದೆಯೇ ನೋಡಿ. 1920×1200 ಪರದೆ ಸ್ವಲ್ಪ ಎತ್ತರವಿದ್ದು ಎರಡು ಮೂರು ಸಾಲು ಹೆಚ್ಚು ಕೊಡುತ್ತದೆ. ಹೊಳಪು 300 ನಿಟ್ಸ್ ಇರಲಿ. 250 ಇದ್ದರೆ ಕಿಟಕಿ ಪಕ್ಕ ಕೂತಾಗ ಕಣ್ಣು ಕಿರಿದು ಮಾಡಬೇಕಾಗುತ್ತದೆ.

ಪ್ರಶ್ನೆ: ನಮ್ಮೂರಲ್ಲಿ ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ, ಆದ್ದರಿಂದ ಸದಾ ಚಾರ್ಜಿಗೆ ಹಾಕಿಯೇ ಇಡುತ್ತೇನೆ. ಇದರಿಂದ ಬ್ಯಾಟರಿ ಹಾಳಾಗುತ್ತದೆಯೇ?
– ಶಿಕ್ಷಕರು, ಮಳವಳ್ಳಿ

ಉತ್ತರ: ಆಗುತ್ತದೆ, ನಿಧಾನಕ್ಕೆ. ಲಿಥಿಯಂ ಬ್ಯಾಟರಿಗೆ ಎರಡು ಶತ್ರು: ತುಂಬಿದ ಹೊಟ್ಟೆ ಮತ್ತು ಬಿಸಿ. ಎರಡೂ ಒಟ್ಟಿಗೆ ಸೇರಿದರೆ ಬೇಗ ಸೊರಗುತ್ತದೆ. ಹಲವು ಕಂಪನಿಗಳು ತಮ್ಮದೇ ಆ್ಯಪಿನಲ್ಲಿ ಅಥವಾ ಬಯೋಸಿನಲ್ಲಿ (ಯಂತ್ರ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) 80 ಶೇಕಡಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಕೊಟ್ಟಿರುತ್ತವೆ. ಅದನ್ನು ಆನ್ ಮಾಡಿ, ಆಮೇಲೆ ಪ್ಲಗ್ಗಿನಲ್ಲೇ ಇದ್ದರೂ ಚಿಂತೆಯಿಲ್ಲ. ಹಾಸಿಗೆ, ದಿಂಬಿನ ಮೇಲಿಟ್ಟು ಬಳಸಬೇಡಿ. ಗಾಳಿ ಎಳೆಯುವ ಕಿಂಡಿ ಸಾಮಾನ್ಯವಾಗಿ ತಳದಲ್ಲಿರುತ್ತದೆ.

ಹೊಸದು ಕೊಳ್ಳುವಾಗ 'ಹತ್ತು ಗಂಟೆ ಬರುತ್ತೆ' ಎಂಬ ಮಾತು ಬಿಟ್ಟು ವ್ಯಾಟ್-ಅವರ್, ಅಂದರೆ ಬ್ಯಾಟರಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಎನ್ನುವ ಅಳತೆ, ನೋಡಿ. ಬರವಣಿಗೆ, ವೈಫೈ, ಅರ್ಧ ಹೊಳಪಿನಲ್ಲಿ ಲ್ಯಾಪ್‌ಟಾಪು ಸರಾಸರಿ 7 ವ್ಯಾಟ್ ಎಳೆಯುತ್ತದೆ ಎಂದುಕೊಂಡರೆ 42 ವ್ಯಾಟ್-ಅವರ್ ಬ್ಯಾಟರಿ ಆರು ಗಂಟೆ, 56ರದು ಎಂಟು ಗಂಟೆ. ಮುಂದೆ ಬ್ಯಾಟರಿ 80 ಶೇಕಡಕ್ಕೆ ಇಳಿದಾಗ ಆರು ಗಂಟೆಯದು ಐದೂ ಬರುವುದಿಲ್ಲ. ಕರೆಂಟು ಹೋಗುವ ಊರಿನವರು ದೊಡ್ಡ ಬ್ಯಾಟರಿಗೆ ನೂರು ಗ್ರಾಂ ಹೆಚ್ಚು ಹೊತ್ತರೂ ನಷ್ಟವಿಲ್ಲ.

ಈಗಿನ ಬ್ಯಾಟರಿಯ ಸ್ಥಿತಿ ತಿಳಿಯಲು ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರದಲ್ಲಿ 'ಪವರ್‌ಸಿಎಫ್‌ಜಿ', ಒಂದು ಸ್ಪೇಸ್, ಸ್ಲ್ಯಾಷ್, 'ಬ್ಯಾಟರಿರಿಪೋರ್ಟ್' (powercfg /batteryreport) ಎಂದು ಟೈಪಿಸಿ ಎಂಟರ್ ಒತ್ತಿ. ವರದಿ ಎಲ್ಲಿ ಕೂತಿದೆ ಎಂದು ಅಲ್ಲೇ ತೋರಿಸುತ್ತದೆ. ಅದರಲ್ಲಿ 'ಡಿಸೈನ್ ಕೆಪಾಸಿಟಿ' ಹೊಸದರಲ್ಲಿದ್ದ ಅಳತೆ, 'ಫುಲ್ ಚಾರ್ಜ್ ಕೆಪಾಸಿಟಿ' ಇವತ್ತಿನದು. ಎರಡನೆಯದು ಮೊದಲನೆಯದರ ಅರ್ಧದ ಹತ್ತಿರ ಬಂದಿದ್ದರೆ ಬದಲಿಸಿ. ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ತಳ ಉಬ್ಬಿದ್ದರೆ ವರದಿಗೆ ಕಾಯಬೇಡಿ: ಬ್ಯಾಟರಿ ಉಬ್ಬಿದೆ. ಆಫ್ ಮಾಡಿ, ಚಾರ್ಜ್ ಮಾಡದೆ, ಒತ್ತದೆ, ಹಾಗೇ ಸರ್ವಿಸಿಗೆ ಒಯ್ಯಿರಿ.

ಪ್ರಶ್ನೆ: ಹೊಸ ಲೋಹದ ಬಾಡಿಯ ಲ್ಯಾಪ್‌ಟಾಪು ಚಾರ್ಜಿಗೆ ಹಾಕಿದಾಗ ಮುಟ್ಟಿದರೆ ಜುಮ್ಮೆನ್ನುತ್ತದೆ. ವಾಪಸು ಕೊಡಲೇ?
– ಗೃಹಿಣಿ, ಅಗ್ರಹಾರ, ಮೈಸೂರು

ಉತ್ತರ: ಲ್ಯಾಪ್‌ಟಾಪಿನ ತಪ್ಪಲ್ಲದಿರಬಹುದು, ಮೊದಲು ಸಾಕೆಟ್ ನೋಡಿ. ಚಾರ್ಜರಿನೊಳಗೆ ವಿದ್ಯುತ್ ಗದ್ದಲ ತಡೆಯಲು ಒಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರ ಮೂಲಕ ಒಂದಿಷ್ಟೇ ಕರೆಂಟು ಸೋರುತ್ತದೆ. ಮೂರು ಪಿನ್ನಿನ ಪ್ಲಗ್ಗಿಗೆ ಸರಿಯಾದ ಅರ್ತ್ ಇದ್ದರೆ ಅದು ನೆಲಕ್ಕಿಳಿಯುತ್ತದೆ, ಇಲ್ಲದಿದ್ದರೆ ಬಾಡಿಯಲ್ಲಿ ನಿಂತು ನಿಮ್ಮ ಕೈಗೆ ತಾಗುತ್ತದೆ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ತ್ ವೈರ್ ಎಳೆದಿರದೆ ಇರಬಹುದು. ಎಲೆಕ್ಟ್ರಿಷಿಯನ್ ಕರೆಸಿ ಮೀಟರಿನಲ್ಲಿ ಫೇಸ್-ಅರ್ತ್ ನಡುವೆ ಅಳೆಸಿ. ಫೇಸ್-ನ್ಯೂಟ್ರಲ್ ನಡುವಿನಷ್ಟೇ, ಸುಮಾರು 230 ವೋಲ್ಟ್ ಬರಬೇಕು. ಬೇಸಿಗೆಯಲ್ಲಿ ಒಣಗಿದ ಅರ್ತ್ ಗುಂಡಿಗೆ ನೀರು ಹಾಕಿಸುವುದೂ ಒಳ್ಳೆಯದು. ಎರಡು ಪಿನ್ನಿನ ಚಾರ್ಜರಾದರೆ ಸಣ್ಣ ಜುಮ್ಮು ಉಳಿಯಬಹುದು. ಆದರೆ ಹೊಡೆತವೇ ಬಿದ್ದಂತಾದರೆ ಆ ಚಾರ್ಜರ್ ಮತ್ತೆ ಹಾಕಬೇಡಿ.

ಪ್ರಶ್ನೆ: ಕಂಪನಿಗಳಿಂದ ಬಂದ ಹಳೆಯ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಲ್ಯಾಪ್‌ಟಾಪುಗಳು ಕಡಿಮೆ ಬೆಲೆಗೆ ಸಿಗುತ್ತಿವೆ. ಮಗನ ಡಿಗ್ರಿಗೆ ಕೊಳ್ಳಬಹುದೇ?
– ಓದುಗರು, ಮದ್ದೂರು

ಉತ್ತರ: ಧೈರ್ಯವಾಗಿ. ಅವುಗಳ ಹಿಂಜು, ಕೀಬೋರ್ಡು ಅಗ್ಗದ ಹೊಸ ಮಾಡೆಲ್‌ಗಳಿಗಿಂತ ಗಟ್ಟಿ, ಬಿಡಿಭಾಗವೂ ಸಿಗುತ್ತವೆ. ಆದರೆ ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಾದರೂ ಬೇಕು. ಐ5-8250ಯು ಆಗುತ್ತದೆ, ಐ5-7200ಯು ಬೇಡ. ಅಂಗಡಿಯಲ್ಲೇ ಬಯೋಸ್ ತೆರೆಸಿ. ಪಾಸ್‌ವರ್ಡ್ ಕೇಳಿದರೆ ಬಿಟ್ಟುಬಿಡಿ. ವಿಂಡೋಸ್ ರೀಸೆಟ್ ಮಾಡಿಸಿ, ಇಂಟರ್ನೆಟ್‌ಗೆ ಜೋಡಿಸಿ, ಹೊಸದಾಗಿ ಶುರುವಾಗುವುದನ್ನು ನೋಡಿ. ಯಾವುದಾದರೂ ಕಂಪನಿಯ ಹೆಸರಿನ ಲಾಗಿನ್ ಬಂದರೆ ಅದು ಇನ್ನೂ ಆ ಕಂಪನಿಯ ಪಟ್ಟಿಯಲ್ಲೇ ಇದೆ ಎಂದರ್ಥ. ಅಂಥದ್ದನ್ನು ಎಷ್ಟು ಅಗ್ಗವಾದರೂ ಕೊಳ್ಳಬೇಡಿ. ಬ್ಯಾಟರಿ ಸೊರಗಿರುವುದು ಖಂಡಿತ. ಹೊಸ ಬ್ಯಾಟರಿಯ ಖರ್ಚನ್ನು ಬೆಲೆಗೆ ಸೇರಿಸಿಕೊಂಡೇ ಚೌಕಾಸಿ ಮಾಡಿ.