ಮಕ್ಕಳು ಚಡಪಡಿಸಿದರೆಂದು ಹಾಡಿಗೆ ಕತ್ತರಿ ಹಾಕಬೇಡಿ

ನಿಮ್ಮ ಕಿರು ಅನಿಮೇಷನ್‌ನಲ್ಲಿ ಆಮೆಮರಿಯ ಹಾಡು ಶುರುವಾದ ಕೂಡಲೇ ಮಕ್ಕಳು ಅತ್ತಿತ್ತ ನೋಡಿದರು, ಹಾಡನ್ನೇ ತೆಗೆದುಬಿಡಲೇ ಎಂದು ಕೇಳಿದ್ದೀರಿ. ಆತುರ ಬೇಡ. ಗೀತರಚನೆಕಾರ ಹೊವಾರ್ಡ್ ಆಶ್‌ಮನ್ ಅವರಿಗೂ ಇದೇ ಫಜೀತಿ ಎದುರಾಗಿತ್ತು.

ಅವರು ಹಾಡು ಬರೆದ ಡಿಸ್ನಿಯ ಅನಿಮೇಷನ್ ಚಿತ್ರ ‘ದಿ ಲಿಟಲ್ ಮರ್‌ಮೇಡ್’ (1989) ಇನ್ನೂ ತಯಾರಾಗುತ್ತಿತ್ತು. ಪ್ರಾಯೋಗಿಕ ಪ್ರದರ್ಶನದಲ್ಲಿ, ಮತ್ಸ್ಯಕನ್ಯೆ ಏರಿಯಲ್ ನೆಲದ ಬದುಕಿಗಾಗಿ ಹಂಬಲಿಸಿ ಹಾಡುವಾಗ ಮಕ್ಕಳು ಚಡಪಡಿಸಿದರು. ಡಿಸ್ನಿ ಸ್ಟುಡಿಯೋದ ಆಗಿನ ಮುಖ್ಯಸ್ಥ ಜೆಫ್ರಿ ಕಾಟ್ಜೆನ್‌ಬರ್ಗ್ ಹಾಡನ್ನು ತೆಗೆಯೋಣ ಎಂದರು. ಆಶ್‌ಮನ್ ಜಗ್ಗಲಿಲ್ಲ. ಆ ಭಾಗದ ಚಿತ್ರಗಳು ಆಗಿನ್ನೂ ಪೂರ್ಣಗೊಂಡಿರಲಿಲ್ಲ, ತಪ್ಪು ಹಾಡಿನದಾಗಿರಲಿಲ್ಲ. ನಿಮ್ಮ ಆಮೆಯೂ ಒಂದೂವರೆ ನಿಮಿಷ ಕೂತಲ್ಲೇ ಕೂತು ಹಾಡುತ್ತದೆ. ಮೊದಲು ಅದನ್ನು ನಡೆದಾಡಿಸಿ.

ಆಶ್‌ಮನ್ ಹಟಕ್ಕೆ ರಂಗಭೂಮಿಯ ಅನುಭವದ ಬೆಂಬಲವಿತ್ತು. ಸಂಗೀತ ಸಂಯೋಜಕ ಅಲನ್ ಮೆಂಕನ್ ಜೊತೆ 1982ರಲ್ಲಿ ‘ಲಿಟಲ್ ಶಾಪ್ ಆಫ್ ಹಾರರ್ಸ್’ ಎಂಬ ಸಂಗೀತ ನಾಟಕ ಮಾಡಿ ಗೆದ್ದವರು. 1986ರಲ್ಲಿ ನ್ಯೂಯಾರ್ಕ್‌ನ ರಂಗಮಂದಿರಗಳ ಬೀಡಾದ ಬ್ರಾಡ್‌ವೇಯಲ್ಲಿ ‘ಸ್ಮೈಲ್’ ಎಂಬ ಸಂಗೀತ ನಾಟಕ ಮಾಡಿ, 48 ಪ್ರದರ್ಶನಗಳಿಗೇ ಅದು ಮುಚ್ಚಿದ್ದನ್ನೂ ಕಂಡವರು. (ಆ ಸೋತ ನಾಟಕದಲ್ಲಿದ್ದ ಜೋಡಿ ಬೆನ್ಸನ್ ಅವರೇ ಮುಂದೆ ಏರಿಯಲ್‌ಗೆ ದನಿಯಾದರು.) ತನಗೇನು ಬೇಕೆಂದು ನಾಯಕಿ ಕಥೆಯ ಆರಂಭದಲ್ಲೇ ಹಾಡಿ ಹೇಳಬೇಕು, ಆಗಷ್ಟೇ ಪ್ರೇಕ್ಷಕ ಅವಳ ಪಕ್ಷ ವಹಿಸುತ್ತಾನೆ ಎಂಬುದು ಆ ರಂಗಭೂಮಿಯ ಹಳೆಯ ಪಾಠ. ನಿಮ್ಮ ಹಾಡು ಬರುವುದು ಆಮೆ ಕಡಲು ಸೇರಿದ ಮೇಲೆ. ಆಸೆ ತೀರಿದ ಮೇಲೆ ಹಂಬಲ ಯಾರಿಗೆ ಬೇಕು? ಮರಳಿನ ಗುಂಡಿಯಲ್ಲಿರುವಾಗಲೇ ಹಾಡಿಸಿ.

ಇನ್ನು ಪದಗಳು. ನನಗೆ ಆಶ್‌ಮನ್ ಅತಿ ಇಷ್ಟವಾಗುವುದು ಇಲ್ಲೇ. ಮೀನಿನ ಬಾಲದ ಹುಡುಗಿಗೆ ‘ಪಾದ’, ‘ಬೀದಿ’ ಎಂಬ ಮಾತುಗಳು ತಟ್ಟನೆ ಹೊಳೆಯುವುದಿಲ್ಲ. ಏನೋ ಅನ್ನುತ್ತಾರಲ್ಲ ಎಂದು ತಡವರಿಸುತ್ತಾಳೆ. ಆ ಒಂದು ತಡವರಿಕೆಯಲ್ಲಿ ಅವಳ ಇಡೀ ಲೋಕ ಗೊತ್ತಾಗುತ್ತದೆ. ನಿಮ್ಮ ಆಮೆಮರಿಯೋ, ಮೊಟ್ಟೆಯೊಡೆದು ಎರಡು ಗಳಿಗೆಯಾಗಿಲ್ಲ, ‘ಅನಂತ ನೀಲಗಗನ’ ಎನ್ನುತ್ತದೆ! ಪ್ರಾಸ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಅದು ನಿಮ್ಮ ಮಾತು, ಆಮೆಯದಲ್ಲ.

ಆಶ್‌ಮನ್ ಬದುಕಿನ ಬಗ್ಗೆಯೂ ಕೇಳಿದ್ದೀರಿ. ಏಡ್ಸ್‌ನಿಂದ ಬಳಲುತ್ತಲೇ ಡಿಸ್ನಿಯದೇ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಚಿತ್ರದ ಹಾಡುಗಳನ್ನು ಬರೆದರು. 1991ರ ಮಾರ್ಚ್ 14ರಂದು, 40ನೇ ವಯಸ್ಸಿನಲ್ಲಿ ತೀರಿಕೊಂಡರು. ಚಿತ್ರ ತೆರೆಗೆ ಬಂದದ್ದು ಅದೇ ವರ್ಷದ ಕೊನೆಗೆ. ಅದರ ಶೀರ್ಷಿಕೆ ಗೀತೆಗೆ ಮರುವರ್ಷ ಆಸ್ಕರ್ ಬಂತು. ಮುಂದಿನ ಚಿತ್ರ ‘ಅಲ್ಲಾದೀನ್’ಗೆ ಬಾಕಿಯಿದ್ದ ಹಾಡುಗಳನ್ನು ಇನ್ನೊಬ್ಬ ಗೀತರಚನೆಕಾರ ಟಿಮ್ ರೈಸ್ ಬರೆದರು.

ತಿದ್ದಿದ ಮೇಲೆ ಹಳೆಯ ಮಕ್ಕಳಿಗೆ ತೋರಿಸಬೇಡಿ, ಹೊಸಬರನ್ನು ಕೂರಿಸಿ. ನೀವು ಪರದೆ ನೋಡದೆ ಅವರ ಮುಖ ನೋಡಿ.