ಎರಿ ಹೊಲದಾಗ 10 ಫೂಟ್ ಎತ್ತರದ ಡೆಕ್, ಎರಡ ಕಂಬ ಸಾಕೇನು?

ಪ್ರಶ್ನೆ: ನಮಸ್ಕಾರ್ರಿ ಸರ. ಇಂಡಿ ಹತ್ರ ನಮ್ದು ಲಿಂಬಿ ತೋಟ ಐತಿ, ಪೂರಾ ಎರಿ ಮಣ್ಣು. ತೋಟದಾಗಿನ ಹಳೇ ಕಲ್ಲು-ಮಣ್ಣಿನ ಮನಿ ಮುಂದ 20 ಫೂಟ್ ಉದ್ದ, 16 ಫೂಟ್ ಅಗಲ, 10 ಫೂಟ್ ಎತ್ತರದ ಡೆಕ್ ಮಾಡಿಸಿ ಮ್ಯಾಲ ಫರಸಿ ಹಾಸೂ ವಿಚಾರ ಐತಿ. ವೆಲ್ಡಿಂಗ್‌ನವ್ರು ಮುಂದ ಎರಡು ಪೈಪ್ ನಿಲ್ಲಿಸಿ ಹಿಂದಿನ ಬಾಜು ಗ್ವಾಡಿಗೆ ಕೂಡಿಸಿದ್ರ ಆತು ಅಂತಾರ. ಖರೇನ ಸಾಕಾಗ್ತದೇನ್ರಿ?
- ಓದುಗರು, ವಿಜಯಪುರ ಜಿಲ್ಲೆ

ಉತ್ತರ: ಸಾಕಾಗಂಗಿಲ್ರಿ. ಅವ್ರು ಪೈಪಿನ ಲೆಕ್ಕ ಹಾಕ್ಯಾರ, ಮಣ್ಣಿಂದು ಹಾಕಿಲ್ಲ. ಎರಿ ಮಣ್ಣು ಮಳಿಗಾಲದಾಗ ನೀರು ಕುಡುದು ಉಬ್ಬತೈತಿ, ಬ್ಯಾಸಗ್ಯಾಗ ಕೈ ಹೋಗುವಂಥಾ ಬಿರುಕು ಬಿಡತೈತಿ, ಅಂಥಾದ್ರಾಗ ಎರಡು-ಮೂರು ಫೂಟ್ ತೆಗ್ಗು ತೋಡಿ ಕಾಂಕ್ರೀಟ್ ಸುರುವಿದ್ರ ಕಂಬ ಪ್ರತಿ ವರ್ಷ ಏರೂದು ಇಳಿಯೂದು ನಡದಿರ್ತೈತಿ, ಅದೂ ಎಲ್ಲಾ ಕಂಬ ಒಂದ ಅಳತಿಲೆ ಅಲ್ಲ, ಲಿಂಬಿ ಡ್ರಿಪ್ ಪೈಪಿನ ಬಾಜು ಇದ್ದದ್ದು ಉಬ್ಬಿದ್ರ ಒಣ ಕಡೆದು ಕುಂತಿರ್ತೈತಿ. ಫರಸಿ ಜಾಯಿಂಟ್ ಬಿಡೂದು ಅಲ್ಲಿಂದನ.

ಗರಸು, ಅಂದ್ರ ಎರಿ ಕೆಳಗಿನ ಗಟ್ಟಿ ಪದರ, ಹತ್ತೂತನಕ ತೋಡಸ್ರಿ. ಗರಸು ಭಾಳ ಆಳ ಇತ್ತಂದ್ರ ಅಂಡರ್ ರೀಮ್ಡ್ ಪೈಲ್ ಮಾಡಸ್ರಿ, ಸುಮಾರು ಮೂರೂವರೆ ಮೀಟರ್ ಬೋರ್ ಹೊಡದು ತಳದಾಗ ಬೋರಿನ ಎರಡೂವರೆ ಪಟ್ಟು ಅಗಲ ಉಳ್ಳಾಗಡ್ಡಿಹಂಗ ದುಂಡಗ ಕೊರದು, ಕಬ್ಬಿಣ ಇಳಿಸಿ ಕಾಂಕ್ರೀಟ್ ತುಂಬೂದು. ಮ್ಯಾಲಿನ ಮಣ್ಣು ಕಂಬ ಎತ್ತಾಕ ನೋಡಿದ್ರೂ ಆ ಗಡ್ಡಿ ಬಿಡಂಗಿಲ್ಲ. ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ (ಸಿಬಿಆರ್‌ಐ)ನವ್ರು ಇಂಥಾ ಮಣ್ಣಿನ ಸಲುವಾಗಿನ ತಯಾರ ಮಾಡಿದ್ದಿದು.

ಇನ್ನ ತೂಕ. ಬಾಲ್ಕನಿಗೆ ಜನ, ಸಾಮಾನು ಅಂತ ಕಟ್ಟಡದ ಮ್ಯಾಲ ಬೀಳೋ ಭಾರದ ಭಾರತೀಯ ಮಾನದಂಡ ಐಎಸ್ 875 ಕೋಡ್ ಪ್ರಕಾರ ಚದರ ಮೀಟರಿಗೆ ಕಮ್ಮಿ ಅಂದ್ರೂ 300 ಕೆಜಿ ಹಿಡೀಬೇಕು. ನಿಮ್ಮ ಡೆಕ್ ಹತ್ರಹತ್ರ 30 ಚದರ ಮೀಟರ್, ಅಂದ್ರ 9 ಟನ್. ಫರಸಿ ಒಂದೂಕಾಲು ಇಂಚಿಂದಾದ್ರ ಅದ ಎರಡು ಟನ್ ದಾಟತೈತಿ, ಮ್ಯಾಲ ಕಬ್ಬಿಣದ ತೂಕ ಬ್ಯಾರೆ. (ಫರಸಿ ಬ್ಯಾಡ, ಕಬ್ಬಿಣದ ಚೆಕ್ಕರ್ಡ್ ಪ್ಲೇಟ್ ಹಾಕ್ರಿ ಅಂತ ಯಾರರೆ ಅಂದ್ರ ಅವ್ರನ್ನ ಏಪ್ರಿಲ್ ಮಧ್ಯಾಹ್ನ ಅದರ ಮ್ಯಾಲ ಬರಿಗಾಲಲೆ ನಿಂದರಸ್ರಿ.)

ನನ್ನ ಲೆಕ್ಕದಾಗ ಮೂರು ಸಾಲು, ಸಾಲಿಗೆ ಮೂರರಂಗ ಒಂಬತ್ತು ಕಂಬ ಬೇಕು, ಉದ್ದಕ್ಕ 10 ಫೂಟಿಗೊಂದು, ಅಗಲಕ್ಕ 8 ಫೂಟಿಗೊಂದು. ಹಿಂಗ ಮಾಡಿದ್ರ ನಟ್ಟನಡುವಿನ ಕಂಬದ ಮ್ಯಾಲ ಒಟ್ಟು ತೂಕದ ಸುಮಾರು ಕಾಲು ಭಾಗ ಬೀಳತೈತಿ, ಮೂಲಿ ಕಂಬಕ್ಕ ಅದರ ಕಾಲು ಅಷ್ಟ. ಎಲ್ಲಾ ತೆಗ್ಗು ಒಂದ ಸೈಜ್ ತೋಡೋ ಗೌಂಡಿಗೆ ಇದನ್ನ ಮೊದ್ಲ ಹೇಳ್ರಿ.

ಹಳೇ ಗ್ವಾಡಿ ಮುಟ್ಟಬ್ಯಾಡ್ರಿ. ಮಣ್ಣಿನ್ಯಾಗ ಕಟ್ಟಿದ ಕಲ್ಲಿಗೆ ಬೋಲ್ಟ್ ಹಿಡಿತ ಇರಂಗಿಲ್ಲ, ಮತ್ತ ಮನಿ ಪಾಯಾ ಒಂದು ನಮೂನಿ, ಡೆಕ್ ಪಾಯಾ ಇನ್ನೊಂದು ನಮೂನಿ ಅಲಗಾಡ್ತಾವ. ನಡುವ ಒಂದೆರಡು ಇಂಚು ಸಂದಿ ಬಿಡ್ರಿ. ಪೈಪ್ ಮಣ್ಣಾಗ ಹುಗಿದ್ರ ಜಂಗ್ ಹಿಡಿತೈತಿ, ಕಾಂಕ್ರೀಟ್ ಪೆಡೆಸ್ಟಲ್ (ಗಿಡ್ಡ ಕಂಬ) ನೆಲದಿಂದ ಮ್ಯಾಲ ತಂದು, ಪೈಪಿನ ಬುಡದ ಬೇಸ್ ಪ್ಲೇಟಿಗೆ ಬೋಲ್ಟ್ ಹಾಕ್ರಿ. ಹತ್ತು ಜನ ಒಮ್ಮೆ ಒಂದ ಕಡೆ ಸರದ್ರ ಡೆಕ್ ತೂಗಾಡಬಾರ್ದಂದ್ರ ಎರಡೂ ದಿಕ್ಕಿಗೆ ಕಂಬಗಳ ನಡುವ ಓರೆ ಬ್ರೇಸಿಂಗ್ (ಅಡ್ಡ ಆಸರೆ ಕಬ್ಬಿಣ) ಬೇಕ ಬೇಕು, ಇಲ್ಲಿ ರೊಕ್ಕ ಉಳಸಾಕ ಹೋಗಬ್ಯಾಡ್ರಿ.

ಪೈಪು, ಗರ್ಡರ್ ಸೈಜ್ ನಾನು ಇಲ್ಲಿ ಕುಂತ್ ಹೇಳೂದು ಸರಿ ಅಲ್ಲ. ಮೊದ್ಲ ಒಂದು ತೆಗ್ಗು ತೋಡಿ ಗರಸು ಎಷ್ಟಕ್ಕ ಹತ್ತಿತು ನೋಡ್ರಿ, ಆ ಅಳತಿ ಹಿಡ್ಕೊಂಡು ಸ್ಟ್ರಕ್ಚರಲ್ ಇಂಜಿನಿಯರ್ ಕಡೆ ಹೋಗಿ ನಕ್ಷಾ ಮಾಡಸ್ರಿ. ವೆಲ್ಡಿಂಗ್‌ನವ್ರಿಗೆ ಅಡ್ವಾನ್ಸ್ ಆಮ್ಯಾಲ.