ಸಿನಿಮಾ ನೋಡಿ ಬಂದವರು ಕಾಮಿಕ್ಸ್ ಓದಬಾರದೇ?

ಪ್ರಶ್ನೆ: ಸೂಪರ್‌ಹೀರೋ ಸಿನಿಮಾ ನೋಡಿದ ಮೇಲೆ ಕಾಮಿಕ್ಸ್ ಓದುವ ಆಸೆಯಾಯಿತು. ಹಳೆಯ ಓದುಗರು ‘ಮೊದಲ ಸಂಚಿಕೆಯಿಂದ ಓದಿದ್ದೀಯಾ?’ ಎಂದು ಪರೀಕ್ಷೆ ಮಾಡುತ್ತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಆ ಪರೀಕ್ಷೆಯಲ್ಲಿ ಕೇಳಿದವರೂ ಪಾಸಾಗುವುದು ಅನುಮಾನ! ಸೂಪರ್‌ಮ್ಯಾನ್ ಕಥೆಗಳ ಸರಣಿ ‘ಆ್ಯಕ್ಷನ್ ಕಾಮಿಕ್ಸ್’ ಹುಟ್ಟಿದ್ದು 1938ರಲ್ಲಿ. 2011ರಲ್ಲಿ ಮತ್ತೆ 1ನೇ ಸಂಚಿಕೆಯಿಂದ ಎಣಿಕೆ ಶುರುವಾಯಿತು, 2016ರಲ್ಲಿ ಹಳೆಯ ಲೆಕ್ಕಕ್ಕೆ ಮರಳಿ 957 ಆಯಿತು, 2018ರಲ್ಲಿ 1000 ಮುಟ್ಟಿತು. ಹೀಗಿರುವಾಗ ‘ಮೊದಲ ಸಂಚಿಕೆ’ ಅಂದರೆ ಯಾವುದು?

ಸಂಖ್ಯೆ ಬಿಡಿ, ಬರಹಗಾರರನ್ನು ಹಿಡಿಯಿರಿ. ಒಬ್ಬ ಬರಹಗಾರ ಸರಣಿ ಕೈಗೆತ್ತಿಕೊಂಡ ಸಂಚಿಕೆಯೇ ಸಾಮಾನ್ಯವಾಗಿ ಒಳ್ಳೆಯ ಬಾಗಿಲು. ಬಿಡಿ ಸಂಚಿಕೆಯಲ್ಲಿ ಕಥೆ ಇಪ್ಪತ್ತು ಪುಟದ ಆಸುಪಾಸು ಅಷ್ಟೇ. ಐದಾರು ಸಂಚಿಕೆ ಸೇರಿಸಿದ ಪೇಪರ್‌ಬ್ಯಾಕ್ ಸಂಪುಟ ಕೊಂಡರೆ ಕಥೆ ನಡುವೆ ಕಡಿಯುವುದಿಲ್ಲ. ಹೊಸಬರು ಎಡವುವುದು ಹತ್ತಾರು ಸರಣಿಗಳಿಗೆ ಹರಡಿದ ಒಂದೇ ಮಹಾಕಥೆಯಿಂದ ಶುರುಮಾಡಿದಾಗ. ಯಾರು ಯಾರೆಂದೇ ತಿಳಿಯದೆ ಪುಸ್ತಕ ಮಡಚಿಡುತ್ತಾರೆ.

ಹಿರಿಯರು ಗದರುವ ಒಂದು ವಿಷಯದಲ್ಲಿ ಮಾತ್ರ ನ್ಯಾಯವಿದೆ: ಪುಸ್ತಕ ಹಿಡಿಯುವ, ಕಾಪಿಡುವ ರೀತಿ. ಪುಸ್ತಕದ ಬೆನ್ನು ಹಿಂದಕ್ಕೆ ಮಡಚಿದರೆ ಪಿನ್ನಿನ ಬಳಿ ಬಿಳಿ ಗೆರೆ ಬೀಳುತ್ತದೆ, ಅದು ಮತ್ತೆ ಹೋಗುವುದಿಲ್ಲ. ಎತ್ತಿಡಲು ಪಿವಿಸಿ ಪ್ಲಾಸ್ಟಿಕ್ಕಿನ ಚೀಲ ಬೇಡ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಚೀಲ, ಒಳಗೆ ಆಧಾರಕ್ಕೆ ಆಮ್ಲರಹಿತ ರಟ್ಟು ಬಳಸಿ, ನೆಟ್ಟಗೆ ನಿಲ್ಲಿಸಿಡಿ.

ಇನ್ನು ಪರೀಕ್ಷಕರಿಗೆ, ‘ನಿಮಗಿಷ್ಟವಾದ ಒಂದು ಸಂಪುಟ ಹೇಳಿ’ ಎಂದು ಕೇಳಿ ನೋಡಿ. ಹೆಚ್ಚಿನವರು ಅರ್ಧ ಗಂಟೆ ಬಿಡುವುದಿಲ್ಲ.